ಈರವ್ವಳನ್ನು ಗುರುತಿಸದ ಬಾಗಿಲು

ಬಾಗಿಲುಗಳು ಒಡೆಯರ ಎದೆಬಡಿತ ಕೇಳಿ ತೆರೆಯುತ್ತಿದ್ದ ಕಾಲದಲ್ಲಿ, ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಎಂಬತ್ತೆರಡರ ಈರವ್ವ ಇದ್ದಳೆಂದು ಹೇಳುತ್ತಾರೆ. ಅವಳ ಎದೆ ತಾಳ ತಪ್ಪಿ ಬಡಿಯುತ್ತಿತ್ತು. ಬಾಗಿಲಿಗೆ ಅದೇ ಗುರುತು. ವೈದ್ಯರ ಮಾತ್ರೆಯಿಂದ ತಾಳ ಕೂಡಿದ ದಿನ ಬಾಗಿಲು ತೆರೆಯಲೇ ಇಲ್ಲ.

“ಎದೆ ಸರಿಯಾಗಿದೆ. ಆದ್ದರಿಂದ ನೀವು ಈರವ್ವ ಅಲ್ಲ,” ಎಂದಿತು.

“ನಿನ್ನ ಕೂಡ್ರಿಸಿದಾಕೀನ ನಾನು, ಮೂಳ!”

ಬಿಸಿಲಿನಲ್ಲಿ ನಿಂತವಳು ಕೋಲಿನಿಂದ ಬಾಗಿಲು ಬಡಿದಳು. ನೆರೆಮನೆಯ ಶಂಕ್ರವ್ವ ನಕ್ಕಳು: “ಆಯಿ, ಮದುವಿ ದಿನ ಹೊಸ್ತಿಲದಾಗ ತಡದಾಗ ಹೆಂಗ ಒಳಗ ಹೋಗಿದ್ದಿ? ಒಡಪು ಹಾಕಿ ಗಂಡನ ಹೆಸರ ಹೇಳು.”

ಅರವತ್ತು ವರ್ಷದ ಹಿಂದಿನ ನಾಚಿಕೆಯಿಂದಲೇ ಈರವ್ವ ಸೆರಗು ಬಾಯಿಗಿಟ್ಟುಕೊಂಡಳು. “ಮಗ್ಗದಾಗ ಲಾಳಿ ಆಡತೈತಿ, ಮಲ್ಲೇಶಪ್ಪನ ಹೆಸರಿಗೆ ಜೀವ ಓಡತೈತಿ.”

ಎದೆ ಮುಗ್ಗರಿಸಿತು. ಬಾಗಿಲು ತೆರೆಯಿತು.

“ಬನ್ನಿ, ಈರವ್ವ. ತಾಳ ತಪ್ಪಿದೆ, ಕೂಡಲೇ ಮಾತ್ರೆ ತೆಗೆದುಕೊಳ್ಳಿ.”