ಪಂಕ್ತಿ ಏಳುವ ತನಕ

ಊಟವೆಲ್ಲ ಒಂದು ಗುಳಿಗೆಯೊಳಗೆ ಅಡಗಿ ಕೂತಿದ್ದ ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳುವ ನೀಲಾಂಬಿಕೆ ಎಂಬ ಅಕ್ಕೋರು ಇದ್ದರು. ಗುಡ್ಡ ಹತ್ತಿಸಿ, ಪಂಕ್ತಿಯಲ್ಲಿ ಕೂರಿಸಿ ಹೊಟ್ಟೆತುಂಬ ರೊಟ್ಟಿ ಉಣಿಸುತ್ತೇನೆಂದು ತಮ್ಮ ಮಕ್ಕಳಿಗೆ ಮಾತು ಕೊಟ್ಟಿದ್ದರು.

ಗುಡ್ಡದ ತುದಿಯಲ್ಲಿ ಬುತ್ತಿ ಬಿಚ್ಚಿದರೆ ಮಕ್ಕಳು ತುತ್ತನ್ನು ಗುಳಿಗೆಯಂತೆ ನೀರು ಕುಡಿದು ನುಂಗಿ ಕೆಮ್ಮಿದರು.

“ಅಗೀರಿ! ಹಲ್ಲು ಬರೇ ಫೋಟೋಕ್ಕಲ್ಲ,” ಎಂದರು ಅಕ್ಕೋರು.

ಜೊತೆಗೆ ಬಂದು, ಗುಳಿಗೆ ನುಂಗಿ ಆಗಲೇ ಊಟ ಮುಗಿಸಿದ್ದ ಹೆಡ್‌ಮಾಸ್ತರರು ಮೂಗು ಮುರಿದರು. “ದನದಂಗ ಮೇಯಾಕ ಹಚ್ಚೀರಲ್ಲ! ಏಳ್ರಿ, ಬಸ್ಸು ಕಾಯಂಗಿಲ್ಲ.”

“ದನಕ್ಕರ ಮೆಲುಕು ಹಾಕಾಕ ಪುರುಸೊತ್ತೈತ್ರಿ ಸರ, ನಿಮಗ ಅದೂ ಇಲ್ಲ. ಕಟ್ಟಕಡೀ ಕೂಸು ಉಣ್ಣೂತನ ಪಂಕ್ತಿ ಏಳಂಗಿಲ್ಲ. ನಡಕೋತ ಬರ್ತೀವಿ, ನೀವು ಹೋಗ್ರಿ.”

ಬಸ್ಸು ಹೆಡ್‌ಮಾಸ್ತರರೊಬ್ಬರನ್ನೇ ಹೊತ್ತು ಹೊರಟಿತು. ಅಕ್ಕೋರು ತಿರುಗಿಯೂ ನೋಡಲಿಲ್ಲ. ಎಲ್ಲರಿಗಿಂತ ನಿಧಾನದ ಹುಡುಗಿ ಗಂಗವ್ವ ಬೆರಳಿಗಂಟಿದ ಶೇಂಗಾ ಹಿಂಡಿಯ ಚಟ್ನಿಪುಡಿ ನೆಕ್ಕಿ, “ಆತ್ರೀ ಅಕ್ಕೋರ,” ಎಂದ ಮೇಲೆಯೇ ಪಂಕ್ತಿ ಎದ್ದಿತು.