ನೆಲಮಾಳಿಗೆಯ ಗಾಳಿ

ಮಾಲ್‌ನ ನೆಲಮಾಳಿಗೆಯಲ್ಲಿ ಕಾರುಗಳಿಗೆ ಚೀಟಿ ಕೊಡುವ ಹೊನ್ನಮ್ಮ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಅಲ್ಲಿನ ಹೊಗೆಯಿಂದ ದಿನವೊಂದಕ್ಕೆ ಮನುಷ್ಯನ ರಕ್ತಕ್ಕೆ ಎಷ್ಟು ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆಂದು ಸಂಶೋಧಕಿ ನಸೀಮಾ ಲೆಕ್ಕ ಹಾಕಿದಳು. ಆ ಹಾಳೆಯನ್ನು ತಂದು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದಳು. ಅವನ ಕೋಣೆಯೂ ಅದೇ ನೆಲಮಾಳಿಗೆಯಲ್ಲಿತ್ತು.

“ಹೊಗೆ ಎಳೆಯೋ ಫ್ಯಾನು ಹಾಕಿಸಿ ಅಂತ ಎಷ್ಟು ಸಲ ಹೇಳೋದು?”

“ಇದೆಲ್ಲ ಕಂಪ್ಯೂಟರಿನ ಲೆಕ್ಕ ಮೇಡಂ. ಆಯಮ್ಮ ತಿಂಡಿ ತಿನ್ನದೆ ಬರ್ತಾಳೆ, ಅದಕ್ಕೇ ಬೀಳ್ತಾಳೆ.”

“ಹಾಗಾದ್ರೆ ನಿಮ್ಮ ರಕ್ತ ಕೊಡಿ, ಪರೀಕ್ಷೆ ಮಾಡಿಸ್ತೀನಿ.” ನಸೀಮಾ ಸವಾಲು ಹಾಕಿದಳು.

“ಧಾರಾಳವಾಗಿ ತಗೊಳ್ಳಿ. ಸಿಗರೇಟು ಕೂಡ ಮುಟ್ಟೋನಲ್ಲ ನಾನು, ಗುಂಡುಕಲ್ಲಿನ ಹಾಗಿದ್ದೀನಿ.” ಅವನು ನಗುತ್ತಾ ತೋಳು ಚಾಚಿದ.

ವರದಿ ಬಂತು. ನಸೀಮಾಳ ಲೆಕ್ಕಕ್ಕೂ ಅವನ ರಕ್ತಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮ್ಯಾನೇಜರನ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಇದು ವಿಷ! ಇಲ್ಲಿ ಮನುಷ್ಯರು ಕೂರೋ ಹಾಗೇ ಇಲ್ಲ. ನಾಳೆಯೇ ವ್ಯವಸ್ಥೆ ಮಾಡ್ತೀನಿ ಮೇಡಂ.”

ಮಾರನೆಯ ದಿನ ನಸೀಮಾ ಹೋದಾಗ ಅವನ ಮೇಜು ಮೂರನೇ ಮಹಡಿಗೆ ಏರಿತ್ತು. ಖಾಲಿಯಾದ ಆ ಕೋಣೆಯಲ್ಲಿ ಹೊನ್ನಮ್ಮನ ಜೊತೆ ಹೊಸದಾಗಿ ಸೇರಿದ ಇನ್ನಿಬ್ಬರು ಹೆಂಗಸರು ಕೂತು ಚೀಟಿ ಹರಿಯುತ್ತಿದ್ದರು.