ತಾಯಿಕುರಿಯ ಬೆನ್ನ ಮೇಲಿನ ಟೋಪಿ

ನೆಂದ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ಅಜ್ಜಿಯ ಊರು ಹೊಳಲಿನ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ಅದರಲ್ಲಿ ಎಷ್ಟು ನಡೆದದ್ದೋ, ಎಷ್ಟು ನಾನೇ ಸೇರಿಸಿದ್ದೋ ಹೇಳಲಾರೆ.

ಚಿಕ್ಕಮ್ಮ ಆಸೆಗೆಂದು ನಾಲ್ಕು ಕುರಿ ಸಾಕಿದ್ದಳು. ಅಂದು ಮೊದಲ ಸಲ ತಾನೇ ಕತ್ತರಿ ಹಿಡಿದು ತಾಯಿಕುರಿಯ ಉಣ್ಣೆ ತೆಗೆದಳು. ಜಿಡ್ಡುಜಿಡ್ಡಾದ, ಬೆಚ್ಚಗಿನ ಆ ರಾಶಿಯನ್ನು ತಬ್ಬಿಕೊಂಡು ನಾನು ಕುಣಿದೆ. ಅದನ್ನು ನೂತು ನನಗೊಂದು ಟೋಪಿ ಹೆಣೆದುಕೊಡುವುದೆಂದು ಮಾತಾಗಿತ್ತು.

ಆಮೇಲೆ ಕಟ್ಟಿಹಾಕಿದ್ದ ಅದರ ಮರಿಯನ್ನು ಬಿಟ್ಟೆವು. ಬೋಳಾದ ತಾಯಿಯನ್ನು ನೋಡಿದ್ದೇ ಅದು ಹೆದರಿ ಓಡಿತು. ಹಿಡಿದು ತಂದು ಕೆಚ್ಚಲಿಗೆ ಅದರ ಬಾಯಿ ಇಟ್ಟರೂ ಕುಡಿಯಲಿಲ್ಲ.

“ಐದೇ ದಿನದ್ದು ಕಣ್ಲಾ, ಆಲು ಕುಡೀದಿದ್ರೆ ಉಳಿಯಾಕಿಲ್ಲ” ಎಂದಳು ಚಿಕ್ಕಮ್ಮ.

ಅಜ್ಜಿ ಜಗುಲಿಯಿಂದಲೇ ಕೂಗಿದಳು: “ಅವ್ವನ ಬಟ್ಟೆ ಬಿಚ್ಚಾಕ್ಬುಟ್ರೆ ಮಗೀಗೆ ಎಂಗೆ ಗುರ್ತು ಸಿಕ್ತದೆ? ಮತ್ತೆ ಉಡ್ಸ್ರೋ ಅತ್ಲಾಗೆ!”

ಉಣ್ಣೆಯನ್ನೆಲ್ಲ ತಾಯಿಯ ಬೆನ್ನಿಗೆ ಹೊದಿಸಿ ಹಳೆ ಸೀರೆಯಿಂದ ಬಿಗಿದೆವು. ಮರಿ ಮೂಸಿತು, ಒಂದು ಸುತ್ತು ಹಾಕಿತು, ಮತ್ತೆ ಮೂಸಿತು. ನಾವು ಉಸಿರು ಬಿಡಲೂ ಹೆದರಿ ನಿಂತಿದ್ದೆವು. ಇದ್ದಕ್ಕಿದ್ದಂತೆ ಅದರ ಬಾಲ ಪಟಪಟ ಅಲ್ಲಾಡಿತು. ಕುಡಿಯುತ್ತಿತ್ತು!

“ನಿನ್ ಟೋಪಿ ಓಯ್ತಲ್ಲೋ” ಎಂದಳು ಚಿಕ್ಕಮ್ಮ.

“ಮರೀಗೇ ಇರ್ಲಿ ಬುಡು” ಎಂದೆ. ನನ್ನ ನೆನಪು ಇದು. ಟೋಪಿ ಬೇಕೆಂದು ನೆಲದಲ್ಲಿ ಹೊರಳಾಡಿ ಅಳುತ್ತಿದ್ದೆ ಎನ್ನುತ್ತಾಳೆ ಚಿಕ್ಕಮ್ಮ.